ಕಿವಿಯಿಂದ ಆರಿಸಿದ ಕಡಲತೀರಗಳು

ಸ್ವಿಚ್‌ಬೋರ್ಡ್ ಕೋಣೆ,
ಶನಿವಾರ, ಮಧ್ಯಾಹ್ನದ ಬಿಡುವು

ಅಕ್ಕಾ,

ಮೊದಲೇ ಹೇಳಿಬಿಡುತ್ತೇನೆ, ಇದು ಅಪ್ಪಣೆ ಕೇಳುವ ಪತ್ರ ಅಲ್ಲ. ನೀನು ಇದನ್ನು ಓದುವ ಹೊತ್ತಿಗೆ ನಾನು ವಿಮಾನದಲ್ಲಿರುತ್ತೇನೆ. ಓದಿಸಿಕೊಳ್ಳಲು ಯಾರನ್ನೂ ಕರೆಯಬೇಡ, ಭಾವನನ್ನಂತೂ ಬೇಡವೇ ಬೇಡ. ಕನ್ನಡಕ ಹುಡುಕುತ್ತಾ ಕೂರಲೂ ಬೇಡ. ಒಬ್ಬಳೇ ಕೂತು ಕೊನೆಯ ತನಕ ಓದು. ಮಧ್ಯದಲ್ಲಿ ಎದ್ದು ಒಲೆ ನೋಡಲು ಹೋದರೆ ನನಗೇನೂ ಗೊತ್ತಾಗುವುದಿಲ್ಲ, ಆದರೂ ಹೋಗಬೇಡ.

ಮೂರು ವಾರದ ಹಿಂದೆ ಊಟದ ಮೇಜಿನಲ್ಲಿ, ಹತ್ತು ದಿನ ರಜೆ ಹಾಕಿ ಹೊರದೇಶದ ಸಮುದ್ರ ತೀರಕ್ಕೆ ಹೋಗುತ್ತೇನೆ ಎಂದು ನಾನು ಹೇಳಿದಾಗ ಮೊದಲು ನಕ್ಕವರು ಭಾವ. ಕಣ್ಣು ಕಾಣದೋಳಿಗೆ ಬೀಚ್ ಯಾಕಮ್ಮ, ಉಪ್ಪುನೀರು ಬೇಕು ಅಂದ್ರೆ ಬಕೆಟ್‌ನಲ್ಲಿ ಕಲಸಿಕೊಡ್ತೀನಿ ಅಂದರು. ಹೋಗಲಿ, ಅವರ ತಮಾಷೆಯ ಆಳ ಯಾವತ್ತೂ ಒಂದು ಬಕೆಟ್ಟು ದಾಟಿದ್ದಿಲ್ಲ. ನನಗೆ ಮೈ ಉರಿದದ್ದು ನಿನ್ನಿಂದ. ನೀನು ನಗಲಿಲ್ಲ. ಪಾತ್ರೆ ಎತ್ತಿಕೊಂಡು ಹೋಗುತ್ತಾ, ಬೇಡ ಅಂದ್ರೆ ಬೇಡ, ಅಲ್ಲಿ ನಿನ್ನ ಕೈ ಹಿಡಿಯೋರು ಯಾರಿದಾರೆ ಅಂದೆ. ಆಮೇಲೆ ನನ್ನ ಪಾಸ್‌ಪೋರ್ಟನ್ನು ನಿನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಕೀಲಿಕೈ ಮುಚ್ಚಿಡುವ ಜಾಗವನ್ನು ಈ ಮೂರು ವಾರದಲ್ಲಿ ಮೂರು ಸಲ ಬದಲಿಸಿದೆ. ಅಕ್ಕಾ, ಇಪ್ಪತ್ತು ವರ್ಷದಿಂದ ಆಸ್ಪತ್ರೆಯಲ್ಲಿ ಟೆಲಿಫೋನ್ ಆಪರೇಟರ್ ಆಗಿರುವವಳು ನಾನು. ಯಾವ ಡಾಕ್ಟರು ಎಂದು ಅವರ ಉಸಿರಿನಲ್ಲೇ ಗುರುತು ಹಿಡಿಯುವವಳಿಗೆ ಬೇಳೆ ಡಬ್ಬಿಯ ಮುಚ್ಚಳದ ಸದ್ದು ಕೇಳುವುದಿಲ್ಲ ಎಂದುಕೊಂಡೆಯಾ? ಪಾಸ್‌ಪೋರ್ಟ್ ಈಗ ನನ್ನ ಕೈಚೀಲದಲ್ಲಿದೆ. ಕೀಲಿಕೈ ಬೇಳೆ ಡಬ್ಬಿಯಲ್ಲೇ ಇದೆ, ತಳದಲ್ಲಿ.

ಆ ಪಾಸ್‌ಪೋರ್ಟ್ ಮಾಡಿಸಿದ್ದು ಯಾಕೆ ಎಂದು ಒಂದು ಸಲ ನೆನಪು ಮಾಡಿಕೋ. ಎರಡು ವರ್ಷದ ಹಿಂದೆ ಹೊರದೇಶದ ಯಾವನೋ ಕಣ್ಣಿನ ಡಾಕ್ಟರು ನನ್ನಂಥವರಿಗೆ ಆಪರೇಷನ್ ಮಾಡುತ್ತಾನೆ ಎಂದು ಕೇಳಿ, ನೀನೇ ನನ್ನನ್ನು ಕಚೇರಿಯಿಂದ ಕಚೇರಿಗೆ ಎಳೆದಾಡಿದೆ. ಆಗ ವಿಮಾನ ದೂರ ಅನ್ನಿಸಲಿಲ್ಲ, ಅಲ್ಲಿಯ ಜನ ಹೇಗೋ ಏನೋ ಅನ್ನಿಸಲಿಲ್ಲ. ಇಷ್ಟು ಹಳೆಯ ಕಣ್ಣಿಗೆ ಪ್ರಯೋಜನವಿಲ್ಲ ಎಂದು ಅವನು ಬರೆದ ಮೇಲೆ ಪಾಸ್‌ಪೋರ್ಟ್ ಮೂಲೆ ಸೇರಿತು. ಅಂದರೆ ಕಣ್ಣು ಬರುವುದಾದರೆ ನಾನು ಹೊರದೇಶಕ್ಕೆ ಹೋಗಬಹುದು, ಬರದಿದ್ದರೆ ಅಡುಗೆಮನೆ ಮತ್ತು ಸ್ವಿಚ್‌ಬೋರ್ಡ್ ನಡುವೆ ಓಡಾಡಿಕೊಂಡಿರಬೇಕು. ಈ ಕಾನೂನು ಯಾರು ಮಾಡಿದ್ದು?

ನಾನು ತೀರಗಳನ್ನು ಹೇಗೆ ಆರಿಸಿದೆ ಎಂದು ಹೇಳುತ್ತೇನೆ ಕೇಳು. ಬಸ್ ನಿಲ್ದಾಣದ ಎದುರಿನ ಟ್ರಾವೆಲ್ ಏಜೆಂಟ್ ಬಳಿ ಮೊದಲು ಹೋದೆ. ಪಾಪ, ಒಳ್ಳೆಯ ಮನುಷ್ಯ. ಜಗತ್ತಿನ ಅತಿ ಸುಂದರ ತೀರಗಳ ಪಟ್ಟಿ ಇದೆ ಮೇಡಂ ಎಂದು ಓದತೊಡಗಿದ. ಒಂದರದ್ದು ಹಾಲಿನಂಥ ಮರಳು, ಇನ್ನೊಂದರದ್ದು ಪಚ್ಚೆ ನೀರು, ಮತ್ತೊಂದರಲ್ಲಿ ಏಳು ಬಗೆಯ ನೀಲಿ. ನೀಲಿ ನನಗೆ ಗೊತ್ತು. ಹನ್ನೊಂದನೇ ವಯಸ್ಸಿನಲ್ಲಿ ಆ ಜ್ವರ ಬರುವ ತನಕ ಸಾಕಷ್ಟು ನೋಡಿದ್ದೇನೆ, ಇನ್ನೂ ಒಳಗೆ ದಾಸ್ತಾನಿದೆ. ಅಲ್ಲಿ ಸದ್ದು ಹೇಗಿರುತ್ತೆ, ಕಾಲಿಗೆ ಹೇಗನ್ನಿಸುತ್ತೆ ಎಂದು ಕೇಳಿದೆ. ಅವನು ಹಾಳೆ ತಿರುವಿದ, ಮತ್ತೆ ತಿರುವಿದ, ಅದೆಲ್ಲ ಇದರಲ್ಲಿ ಬರೆದಿಲ್ಲ ಮೇಡಂ ಎಂದು ತಾನೇ ತಪ್ಪು ಮಾಡಿದವನ ಹಾಗೆ ಹೇಳಿದ. ಹಾಗಾದರೆ ಅಲ್ಲಿಯ ಲಾಡ್ಜುಗಳ ಫೋನ್ ನಂಬರ್ ಕೊಡಿ, ಉಳಿದದ್ದು ನನ್ನ ಕೆಲಸ ಅಂದೆ.

ದಿನಾ ಊಟದ ಬಿಡುವಿನಲ್ಲಿ ಆಸ್ಪತ್ರೆಯ ಹಿಂದಿನ ಮೆಟ್ಟಿಲ ಮೇಲೆ ಕೂತು ನನ್ನ ಫೋನಿನಿಂದ ಒಂದೊಂದು ಲಾಡ್ಜಿಗೂ ಕರೆ ಮಾಡಿದೆ. ನೀನು ಫೋನಿನಲ್ಲಿ ದೂರಕ್ಕೆ ತಕ್ಕಂತೆ ಗಂಟಲು ಏರಿಸುತ್ತೀಯಲ್ಲ, ಪಕ್ಕದ ಬೀದಿಯಾದರೆ ಮಾತು, ಪರವೂರಾದರೆ ಕೂಗು, ಹಾಗಲ್ಲ. ಮೆಲ್ಲಗೆ, ಅವರಿಗೂ ನನಗೂ ಸರಿಯಾಗಿ ಬಾರದ ಇಂಗ್ಲಿಷಿನಲ್ಲಿ, ಒಂದೇ ಮಾತು ಕೇಳಿದೆ. ದಯವಿಟ್ಟು ಫೋನನ್ನು ಒಂದು ನಿಮಿಷ ಸಮುದ್ರದ ಕಡೆ ಕಿಟಕಿಯಾಚೆ ಹಿಡಿಯುತ್ತೀರಾ? ಇಬ್ಬರು ಬೈದು ಇಟ್ಟುಬಿಟ್ಟರು. ಒಬ್ಬ, ಕೋಣೆಯ ಬಾಡಿಗೆ ಕೇಳಮ್ಮ, ಸಮುದ್ರ ಪುಕ್ಕಟೆ ಅಂದ. ಉಳಿದವರು ಹಿಡಿದರು ಅಕ್ಕಾ! ಎಲ್ಲೋ ಕೂತ ಯಾರೋ ನನಗಾಗಿ ಎದ್ದು ಕಿಟಕಿ ತೆರೆದರು.

ಪಟ್ಟಿಯಲ್ಲಿ ಮೊದಲನೆಯ ಸ್ಥಾನದ ಹಾಲುಮರಳಿನ ತೀರ ಇದೆಯಲ್ಲ, ಅದರಲ್ಲಿ ಧ್ವನಿವರ್ಧಕದ ಹಾಡು ಬಿಟ್ಟರೆ ಏನೂ ಕೇಳಲಿಲ್ಲ. ಏಳು ನೀಲಿಯ ತೀರದಲ್ಲಿ ಮೋಟಾರು ದೋಣಿಗಳ ಗದ್ದಲ, ನಮ್ಮ ಆಸ್ಪತ್ರೆಯ ಜನರೇಟರ್ ಕೋಣೆಯೇ ವಾಸಿ. ಎರಡನ್ನೂ ಹೊಡೆದುಹಾಕಿದೆ. ಜಗತ್ತು ಬೇಕಾದರೆ ಅವನ್ನೇ ಮೆಚ್ಚಿಕೊಂಡಿರಲಿ. ಸುಂದರ ಅನ್ನುವ ಮಾತನ್ನು ಕಣ್ಣಿದ್ದವರಿಗೆ ಯಾರೂ ಬರೆದುಕೊಟ್ಟಿಲ್ಲ.

ಪಟ್ಟಿಯ ಹದಿನಾಲ್ಕು ತೀರಗಳಲ್ಲಿ ಮೂರು ಉಳಿದವು, ಮೂರೂ ಒಂದೇ ಕರಾವಳಿಯಲ್ಲಿ. ಮೊದಲನೆಯದು ಬೆಣಚುಕಲ್ಲಿನ ತೀರ. ಅಲೆ ಬರುವಾಗ ಏನಿಲ್ಲ, ಹಿಂದೆ ಸರಿಯುವಾಗ ಸಾವಿರ ಕಲ್ಲು ಒಟ್ಟಿಗೆ ಉರುಳುತ್ತವೆ, ಡಬ್ಬಿಯಿಂದ ಕಾಳು ಸುರಿದ ಹಾಗೆ. ಎರಡನೆಯದರ ಒಣಮರಳು ತುಳಿದರೆ ಕಿರ್ ಕಿರ್ ಎನ್ನುತ್ತದೆ. ಅಲ್ಲಿಯ ಕಾವಲುಗಾರ ಫೋನನ್ನು ಪಾದದ ಹತ್ತಿರ ಹಿಡಿದು ಬಗ್ಗಿಕೊಂಡೇ ನಡೆದು ಕೇಳಿಸಿದ. ನಡು ಹಿಡಿದುಕೊಂಡಿರಬೇಕು, ಕೊನೆಗೆ ನರಳಿದ. ಮೂರನೆಯದೇ ನನ್ನದು. ರಿಸೆಪ್ಷನ್ನಿನ ಹೆಂಗಸು ಚಪ್ಪಲಿ ಬಿಟ್ಟು ನೀರಿಗೇ ಇಳಿದಳು. ಮಂಡಿ ಮುಳುಗುವ ತನಕ ನಡೆಯುತ್ತೇನೆ, ಎಣಿಸಿಕೋ ಅಂದಳು. ನಾನೂರ ಹನ್ನೆರಡು ಹೆಜ್ಜೆ. ಅಷ್ಟು ದೂರ ಕಲ್ಲಿಲ್ಲ, ಗುಂಡಿಯಿಲ್ಲ, ನೀರು ಉಗುರುಬೆಚ್ಚಗೆ. ಎಡಕ್ಕೂ ಬಲಕ್ಕೂ ಎಷ್ಟು ದೂರ ಹೀಗೇ ಇದೆ ಎಂದು ಕೇಳಿದೆ. ನೀನು ದಣಿಯೋ ತನಕ ಅಂದಳು.

ಆ ಮಾತಿಗೆ ನಾನು ಮೆಟ್ಟಿಲ ಮೇಲೆ ಕೂತೇ ಅತ್ತುಬಿಟ್ಟೆ. ಯಾಕೆ ಗೊತ್ತಾ? ನನಗೆ ಓಡಬೇಕು. ಅಷ್ಟೇ. ಈ ಊರಿನಲ್ಲಿ ಕಂಬ ಇದೆ, ಚರಂಡಿ ಇದೆ, ನಿಂತ ಸ್ಕೂಟರ್ ಇದೆ, ಎಲ್ಲದಕ್ಕೂ ಮೊದಲು ನೀನಿದ್ದೀಯ. ಮೂವತ್ತು ವರ್ಷದಿಂದ ನಿನ್ನ ಹೆಬ್ಬೆರಳು ನನ್ನ ಮೊಣಕೈಯ ಒಳಬದಿಯಲ್ಲಿ ಒಂದೇ ಜಾಗದಲ್ಲಿದೆ. ಅದಿಲ್ಲದಿದ್ದರೆ ಬಿಳಿ ಕೋಲು. ಡಿಕ್ಕಿ ಹೊಡೆಯಲು ಏನೂ ಇಲ್ಲದ ಕಡೆ, ಯಾರೂ ಹಿಡಿದುಕೊಳ್ಳದೆ, ಕೈ ಬೀಸಿಕೊಂಡು ಒಂದು ಸಲ ಓಡಬೇಕು. ಬಿದ್ದರೆ ನೀರಿಗೆ ಬೀಳುತ್ತೇನೆ, ಏಳುತ್ತೇನೆ. ನಲವತ್ತೊಂದು ವರ್ಷದ ಹೆಂಗಸು ಬಟ್ಟೆ ಒದ್ದೆ ಮಾಡಿಕೊಂಡು ಓಡುವುದನ್ನು ನೋಡಿ ಜನ ನಕ್ಕರೆ ನಗಲಿ, ನನಗೇನು ಕಾಣುತ್ತದೆಯೇ?

ಈ ಮೂರು ಹೆಸರನ್ನೂ ಫೋನ್ ನಂಬರನ್ನೂ ಒಂದೇ ಒಂದು ಹಾಳೆಯಲ್ಲಿ, ನನ್ನ ಬ್ರೈಲ್ ಚುಕ್ಕಿಗಳಲ್ಲಿ ಬರೆದು ದಿನಚರಿಯೊಳಗೆ ಇಟ್ಟೆ. ಯಾವುದನ್ನು ಆರಿಸಿದೆ ಎಂದು ಏಜೆಂಟಿಗೂ ಹೇಳಲಿಲ್ಲ, ಅವನಿಗೆ ಗೊತ್ತಿರುವುದು ವಿಮಾನ ಇಳಿಯುವ ಊರು ಮಾತ್ರ. ಮನೆಯಲ್ಲಂತೂ ಹೇಳುವ ಮಾತೇ ಇರಲಿಲ್ಲ. ಆ ಚುಕ್ಕಿಗಳು ಮನೆಯಲ್ಲಿ ಯಾರಿಗೂ ಓದಲು ಬರುವುದಿಲ್ಲವಲ್ಲ. ಹಿಂದೆ ಅಂಧಶಾಲೆಯ ಟೀಚರು ಮನೆಯವರೂ ಕಲಿತರೆ ಒಳ್ಳೆಯದು ಎಂದಾಗ ನೀನು ಒಂದು ವಾರ ಕೂತು, ಕಾಗದದ ಮೇಲೆ ರವೆ ಚೆಲ್ಲಿದ ಹಾಗಿದೆ, ನನ್ನ ತಲೆಗೆ ಹತ್ತಲ್ಲ ಎಂದು ಎದ್ದುಹೋದೆ. ಅವತ್ತಿನಿಂದ ನನ್ನ ದಿನಚರಿ ಮೇಜಿನ ಮೇಲೆ ಬಿದ್ದಿರುತ್ತದೆ. ಬೀಗ ಬೇಕಾಗಲಿಲ್ಲ.

ಕೋಪ ಇರುವುದು ಇನ್ನೊಂದಕ್ಕೆ. ನನಗೆ ಏನು ಬೇಕು ಎಂದು ನೀನು ಇಷ್ಟು ವರ್ಷದಲ್ಲಿ ಒಂದು ದಿನವೂ ಕೇಳಿಲ್ಲ. ಕೇಳದೆಯೇ ತಂದುಬಿಡುತ್ತೀಯ. ಈ ಕೋಣೆ ಥಂಡಿ ಕೊರೆಯುತ್ತದೆ ಎಂದು ನಾನು ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ, ಸ್ವೆಟರ್ ಬಂತು. ಹಳೆಯ ರೇಡಿಯೋ ಗೊರಗುಟ್ಟುತ್ತದೆ ಎಂದು ಹೇಳಿಕೊಂಡಿರಲಿಲ್ಲ, ಹೊಸದು ಬಂತು. ನನ್ನ ಇಪ್ಪತ್ತೇಳನೇ ವಯಸ್ಸಿನಲ್ಲಿ ಮಕ್ಕಳ ವಾರ್ಡಿನ ಡಾಕ್ಟರೊಬ್ಬರು, ದಿನಾ ಬೆಳಿಗ್ಗೆ ಫೋನಿನಲ್ಲಿ ನನ್ನನ್ನು ಮಾತನಾಡಿಸಿ ನಗಿಸುತ್ತಿದ್ದವರು, ಮದುವೆಯಾಗಿ ಊರು ಬಿಟ್ಟರು. ಅವರ ವಿಷಯ ನಾನು ಮನೆಯಲ್ಲಿ ಎತ್ತಿರಲೇ ಇಲ್ಲ. ಆ ವಾರವೆಲ್ಲ ನೀನು ಕಾರಣವೇ ಹೇಳದೆ ಹಾಸಿಗೆ ತಂದು ನನ್ನ ಕೋಣೆಯಲ್ಲಿ ಮಲಗಿದೆ. ಸೆಕೆ ಅಂದೆ. ಚಳಿಗಾಲ ಅಕ್ಕಾ ಅದು.

ಕೇಳದೆ ಕೊಡುವುದರಲ್ಲಿ ಒಂದು ದಬ್ಬಾಳಿಕೆ ಇದೆ. ಬೇಡ ಅನ್ನುವ ಅವಕಾಶವೇ ಇರುವುದಿಲ್ಲ. ಈ ಒಂದು ಸಲ ಬೇಕಾದದ್ದನ್ನು ನಾನೇ ಆರಿಸಿದ್ದೇನೆ, ನನ್ನ ಕಿವಿಯಿಂದ, ನನ್ನ ಸಂಬಳದಿಂದ. ತಪ್ಪಾದರೆ ಅದೂ ನನ್ನದೇ. ನೀನು ಅಳು, ಬೈ, ಭಾವನ ಮೇಲೆ ಹಾರಾಡು, ನಾನು ವಾಪಸ್ ಬರುವುದು ಹತ್ತು ದಿನಕ್ಕೇ. ಒಂದು ದಿನ ಮುಂಚೆಯೂ ಇಲ್ಲ.

ನಾಳೆ ನೀನು ಮಾರುಕಟ್ಟೆಗೆ ಹೋಗಿ ಬರುವುದರೊಳಗೆ ಟ್ಯಾಕ್ಸಿ ಬಂದಿರುತ್ತದೆ. ಎದುರಿಗೆ ಹೇಳಿ ಹೋಗುವ ಧೈರ್ಯ ಇಲ್ಲವೇ ಎಂದು ಕೇಳುತ್ತೀಯ. ಇಲ್ಲ. ನೀನು ಮೊಣಕೈ ಹಿಡಿದುಕೊಂಡರೆ ನಾನು ನಿಂತುಬಿಡುತ್ತೇನೆ, ಅದು ನನಗೂ ಗೊತ್ತು, ನಿನಗೂ ಗೊತ್ತು.

ಇತಿ,
ನೀನು ಇನ್ನೂ ಪುಟ್ಟಿ ಎಂದು ಕರೆಯುವ
ನಿನ್ನ ತಂಗಿ

ತಾ.ಕ.: ಒಂದು ವಿಷಯ ಉಳಿಸಿಕೊಂಡಿದ್ದೆ. ಮೊನ್ನೆ ಗುರುವಾರ ಮೂರನೆಯ ತೀರಕ್ಕೆ ಕೋಣೆ ಖಚಿತ ಮಾಡಲು ಫೋನ್ ಮಾಡಿದರೆ ಆ ರಿಸೆಪ್ಷನ್ ಹೆಂಗಸು, ನಿಮ್ಮ ಕಡೆಯವರು ಹೇಳಿದ ಹಾಗೆ ಮೆಟ್ಟಿಲಿನಿಂದ ನೀರಿನ ತನಕ ಹಗ್ಗ ಕಟ್ಟಿಸಿದ್ದೇವೆ ಅಂದಳು. ನಾನು ಯಾವ ಹಗ್ಗವನ್ನೂ ಕೇಳಿರಲಿಲ್ಲ. ಮಂಗಳವಾರ ನಿಮ್ಮ ದೇಶದಿಂದಲೇ ಒಬ್ಬರು ಫೋನ್ ಮಾಡಿದ್ದರು, ಹರಕುಮುರುಕು ಇಂಗ್ಲಿಷು, ನೀರಲ್ಲಿ ಕಚ್ಚುವ ಹುಳ ಇದೆಯಾ, ಅಲ್ಲಿ ನಾಯಿಗಳು ಹೇಗೆ ಎಂದೆಲ್ಲ ವಿಚಾರಿಸಿದರು, ಅವಳಿಗೆ ಹೇಳಬೇಡಿ ಅಂದರು ಎಂದಳು. ಅಷ್ಟು ಹೇಳಿ ನಕ್ಕಳು. ಎಷ್ಟು ಜೋರಾಗಿ ಕೂಗುತ್ತಿದ್ದರೆಂದರೆ ಫೋನನ್ನು ಕಿವಿಯಿಂದ ಒಂದು ಮೊಳ ದೂರ ಹಿಡಿದುಕೊಂಡೇ ಮಾತಾಡಿದಳಂತೆ.

ಏಜೆಂಟ್ ಕೊಟ್ಟ ಅಷ್ಟೂ ನಂಬರುಗಳಲ್ಲಿ ನಾನು ಆರಿಸಿದ್ದು ಯಾವುದು ಎಂದು ಇದ್ದದ್ದು ನನ್ನ ದಿನಚರಿಯ ಹಾಳೆಯಲ್ಲಿ ಮಾತ್ರ, ಅಕ್ಕಾ.

ನಿನ್ನೆ ಸಂಜೆ ಹಳೆಯ ದಿನಚರಿಗಳನ್ನೆಲ್ಲ ತೆಗೆದು ಮುಟ್ಟಿ ನೋಡಿದೆ. ನಾನು ಬರೆದ ಮೇಲೆ ಒಂದನ್ನೂ ಮತ್ತೆ ಓದಿದವಳಲ್ಲ. ಆದರೂ ಚುಕ್ಕಿಗಳು ಸವೆದಿವೆ. ಥಂಡಿಯ ಪುಟ ಸವೆದಿದೆ, ಡಾಕ್ಟರ ಪುಟಗಳು ಸವೆದಿವೆ. ಕಣ್ಣಿನಿಂದ ಓದಿದ್ದರೆ ಹಾಗಾಗುತ್ತಿರಲಿಲ್ಲ. ನೀನು ನನ್ನ ಹಾಗೆ ಬೆರಳಿನಲ್ಲೇ ಓದಿದ್ದೀಯ. ನಿನ್ನನ್ನು ಜೈಲರ್ ಎಂದು ಕರೆದು, ಇವಳು ಸತ್ತರೇ ನನಗೆ ಬಿಡುಗಡೆ ಎಂದು ಬರೆದ ಒಂದು ಪುಟ ಇದೆ. ಅದು ಬೋಳು ಕಾಗದವಾಗಿಬಿಟ್ಟಿದೆ. ಏನು ಬರೆದಿದ್ದೆ ಎಂದು ನೆನಪಿಲ್ಲದಿದ್ದರೆ ನನಗೇ ಓದಲು ಬರುತ್ತಿರಲಿಲ್ಲ.

ಕದ್ದು ಓದಿದ್ದಕ್ಕೆ ನಿನ್ನನ್ನು ಕ್ಷಮಿಸಿಲ್ಲ. ಹಾಗೆ ಬರೆದದ್ದಕ್ಕೆ ನೀನೂ ನನ್ನನ್ನು ಕ್ಷಮಿಸಬೇಡ. ಹಗ್ಗ ಬಿಚ್ಚಿಸಿ ಎಂದು ಆ ಹೆಂಗಸಿಗೆ ಹೇಳಿ ಫೋನ್ ಇಟ್ಟೆ. ಐದು ನಿಮಿಷ ಬಿಟ್ಟು ಮತ್ತೆ ಮಾಡಿ, ಮೊದಲನೇ ದಿನ ಇರಲಿ ಅಂದೆ. ಎರಡನೇ ದಿನದಿಂದ ಬೇಡ.

ಈ ಪತ್ರವನ್ನು ಪೂರ್ತಿ ಚುಕ್ಕಿಗಳಲ್ಲೇ ಬರೆದಿದ್ದೇನೆ. ಇಲ್ಲಿಯ ತನಕ ಓದಿದ್ದೀಯ, ಇನ್ನು ಬರಲ್ಲ ಅನ್ನಬೇಡ. ನನ್ನ ಸ್ಲೇಟು, ಚುಚ್ಚುವ ಕಡ್ಡಿ, ದಪ್ಪ ಕಾಗದ ಮೇಜಿನ ಮೇಲಿವೆ. ಬೈಯುವುದಿದ್ದರೂ ಚುಕ್ಕಿಯಲ್ಲೇ ಬೈದು ಬರೆದಿಡು, ಬಂದು ಓದುತ್ತೇನೆ.