ಹುಳ ಬೀಳದ ಕಡಲೆ

ತಂಗೀ,

ದೊಡ್ಡ ಡಬ್ಬದ ಕಡಲೆಯನ್ನು ಬೇಯಿಸಬೇಡ. ಮಗುವಿನ ಬಾಯಿಗೆ ಅದರ ಒಂದು ಕಾಳೂ ಹೋಗಬಾರದು.

ಹೆಸರುಕಾಳಿಗೆ ಹುಳ ಬಿದ್ದಿದೆ, ಅಲಸಂದೆ ತೂತು ತೂತಾಗಿದೆ. ಪಕ್ಕದಲ್ಲೇ ಇದ್ದ ಕಡಲೆಗೆ ಮಾತ್ರ ಏನೂ ಆಗಿಲ್ಲ. ಬೆಳಿಗ್ಗೆ ಮುಚ್ಚಳ ತೆಗೆದರೆ ಕೊಳೆತ ಬೆಳ್ಳುಳ್ಳಿಯ ವಾಸನೆ. ಕಾಳಿನ ನಡುವೆ ಬೂದಿಯಂಥ ಪುಡಿ. ಬೂದಿ ನಾನು ಹಾಕಿಲ್ಲ, ನೀನೂ ಹಾಕಿಲ್ಲ.

ನಿನ್ನ ಗಂಡನ ಗೋದಾಮಿನಲ್ಲಿ ಹುಳ ಸಾಯಲೆಂದು ಮೂಟೆಗಳ ಮಧ್ಯೆ ಇಡುವ ವಿಷದ ಮಾತ್ರೆ ನೆನಪಾಯಿತು. ಅದಕ್ಕೂ ಇದೇ ವಾಸನೆ, ಕೊನೆಗೆ ಉಳಿಯುವುದೂ ಇಂಥದೇ ಪುಡಿ. ಅವರು ಕೆಲಸಕ್ಕೆ ಹೊರಡುವಾಗ ಕೇಳಿದೆ. “ಬಿಸಿಲಿಗೆ ಒಣಗಿಸಿದ್ದಷ್ಟೇ ಅಕ್ಕಾ. ಹುಳಕ್ಕೂ ನಿಮ್ಮನ್ನ ಕಂಡ್ರೆ ಭಯ” ಅಂದು ನಕ್ಕರು. ಚಿಕ್ಕಂದಿನಿಂದ ಪದ್ಯ ಕೇಳಿ ಬೆಳೆದ ಕಿವಿ ನನ್ನದು. ಓದುವವರು ಒಂದು ಸಾಲು ನುಂಗಿದರೆ ನನಗೆ ತಿಳಿಯುತ್ತದೆ.

ಡಬ್ಬವನ್ನು ಹಿತ್ತಿಲಲ್ಲಿಟ್ಟಿದ್ದೇನೆ, ಹತ್ತಿರ ಹೋಗಬೇಡ. ಅಡುಗೆಮನೆಯ ಕಿಟಕಿ ತೆರೆದೇ ಇರಲಿ.

ದೇವರಾಣೆ, ಇದು ಚಾಡಿಯಲ್ಲ. ಸಂಜೆ ಅವರು ಬಂದಾಗ, “ಆ ಕಡಲೆ ಬೇಯಿಸಿ ಮೊದಲು ನಿಮಗೇ ಬಡಿಸ್ಲಾ?” ಅಂತ ಕೇಳಿ ಮುಖ ನೋಡು.

ಹೂಂ ಅಂದರೂ ಬೇಯಿಸಬೇಡ. ಹಟಕ್ಕೆ ಬಿದ್ದು ತಿಂದುಬಿಡುವ ಮನುಷ್ಯ, ನಮಗೆ ಬೇಕಾದವರು.

ಅಕ್ಕ