ಚಂದ್ರಮತಿಯ ದೋಣಿ

ನವೆಂಬರ್ ೪, ಸೋಮವಾರ. ಬೆಳಿಗ್ಗೆ ೭

ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ಸಮಸ್ತ ಮಹಾಜನತೆಗೆ ಈ ಮೂಲಕ ಘೋಷಿಸುವುದೇನೆಂದರೆ — ಇಂದು ನನ್ನ ಗಂಜಿ ತಳ ಹಿಡಿಯಲಿಲ್ಲ. ಡಂಗುರ ಬೇಡ. ಸನ್ಮಾನ ಮಾಡುವುದೇ ಆದರೆ ಶಾಲು ದಪ್ಪದ್ದಿರಲಿ. ಬಿಸಿ ಪಾತ್ರೆ ಇಳಿಸಲು ಬೇಕು.

ಹೆಂಡತಿ ಚಂದ್ರಮತಿ ಅರ್ಧ ಬಟ್ಟಲು ಕುಡಿದಳು, ಎಡಗೈಯಲ್ಲಿ. ಸ್ಟ್ರೋಕ್ ಆದ ಮೇಲೆ ಬಲಗೈ ಮಡಿಲಲ್ಲಿ ಬಿದ್ದಿರುತ್ತದೆ, ಬಸ್ಸಿನಲ್ಲಿ ಪಕ್ಕದವರು ಬಿಟ್ಟುಹೋದ ಚೀಲದ ಹಾಗೆ. ಮಾತಿನ ಡಬ್ಬಿಗಳ ಲೇಬಲ್ಲೂ ಅದಲುಬದಲು. ನೀರು ಬೇಕಾದರೆ "ಬಾಗಿಲು". ನಾನು "ಬಾಲ್ದಿ", ಅಂದರೆ ಬಕೆಟ್ಟು. ಅದರಲ್ಲಿ ತಪ್ಪೇನುಂಟು ಅಂತ ಪಕ್ಕದ ಮನೆ ಭೋಜರಾಜ ಕೇಳಿದ. ಅವನಿಗೆ ಚಹಾ ಕೊಡಲಿಲ್ಲ.

ಅವಳ ಬಾಯಿ ಒರೆಸಲು ಮೆತ್ತನೆಯ ಹಳೇ ಸೀರೆ ಬೇಕಿತ್ತು. ಅವಳ ಟ್ರಂಕ್ ತೆಗೆದೆ. ತಳದಲ್ಲಿ ಒಂದು ವಸ್ತು. ಹೆಬ್ಬೆರಳುದ್ದ, ಹಳದಿಗಟ್ಟಿದ ಕೊಂಬಿನದ್ದು. ಎರಡು ಎಸಳು — ತುದಿ ಎರಡೂ ಚೂಪು, ತುದಿಗೆ ತುದಿ ತಾಗಿಸಿಕೊಂಡು ಕೂತಿವೆ. ನಡುವೆ ಪುಟ್ಟ ಗೂಟ. ಇದೆಂತ ಅಂತ ತೋರಿಸಿದೆ. ಕಸಿದುಕೊಂಡಳು. ಆಸ್ಪತ್ರೆಯಿಂದ ಬಂದ ಮೇಲೆ ಯಾವುದನ್ನೂ ಹೀಗೆ ಹಿಡಿದವಳಲ್ಲ.

"ದೋಣಿ," ಎಂದಳು.

ಇನ್ನೊಂದು ತಪ್ಪು ಲೇಬಲ್ ಅಂದುಕೊಂಡೆ.

ನವೆಂಬರ್ ೬

ಸಂಶೋಧನಾ ಸಮಿತಿ ರಚನೆಯಾಗಿದೆ. ಅಧ್ಯಕ್ಷ ನಾನು, ಸದಸ್ಯ ಭೋಜರಾಜ.

ನನ್ನ ಪ್ರಕಾರ ಸುಣ್ಣದ ಡಬ್ಬಿ. ಎಲೆ, ಅಡಿಕೆ, ಸುಣ್ಣ ತಂದು ಮುಂದಿಟ್ಟೆ. ಚಂದ್ರಮತಿ ನನ್ನನ್ನು ನೋಡಿದ ನೋಟವನ್ನು ವಾರಪತ್ರಿಕೆಯ ನನ್ನ ನಗೆ ಅಂಕಣದಲ್ಲಿ ಬರೆಯುವ ಹಾಗಿಲ್ಲ.

ಭೋಜರಾಜ ಮುಂಬೈಯಲ್ಲಿ ಹೋಟೆಲ್ ನಡೆಸಿದವನು, ಜಗತ್ತು ಕಂಡವನು. "ಅರೇ ಯಾರ್, ಇದ್ ಬಲೆ ಕಟ್ಟು ಸೂಜಿ" ಅಂತ ತೀರ್ಪು. ಗಂಗೊಳ್ಳಿಯಿಂದ ಹರಿದ ಬಲೆಯ ತುಂಡನ್ನೂ ತಂದ. ಮನೆಯೆಲ್ಲ ಒಣಮೀನಿನ ವಾಸನೆ. ಅವಳು ಬಲೆಯನ್ನು ಎಡಗೈಯಲ್ಲಿ ನೆಲಕ್ಕೆ ತಳ್ಳಿದಳು. ಆ ವಸ್ತುವನ್ನು ನನ್ನ ಅಂಗೈಯಲ್ಲಿಟ್ಟು, ಬೆರಳು ಮಡಚಿಸಿ, ಕಾದಳು. ದಡ್ಡ ಹುಡುಗ ಉತ್ತರ ಹೇಳಲಿ ಅಂತ ಟೀಚರು ಕಾಯುವ ಹಾಗೆ.

"ದೋ-ಣಿ." ಕಿವುಡರಿಗೆ ಹೇಳುವಂತೆ, ಬಿಡಿಸಿ.

ಬಾಗಿಲು ಒಮ್ಮೆ ನೀರು, ಒಮ್ಮೆ ಚಾದರ. ಬಾಲ್ದಿ ಒಮ್ಮೆ ನಾನು, ಒಮ್ಮೆ ಫ್ಯಾನು. ದೋಣಿ ಮಾತ್ರ ದಿನವೂ ಅದೇ ದೋಣಿ. ಹಾಗಾದರೆ ತಪ್ಪು ಲೇಬಲ್ ಅಲ್ಲ...

ನವೆಂಬರ್ ೯, ಶನಿವಾರ

ಸಮಿತಿಗೆ ಜ್ಞಾನೋದಯ. ಚಂದ್ರಮತಿಯ ತವರು ಬ್ರಹ್ಮಾವರದ ಕಡೆ, ಹೊಳೆ ದಂಡೆ. ಸಣ್ಣವಳಿದ್ದಾಗ ಶಾಲೆಗೆ ದೋಣಿಯಲ್ಲಿ ಕಡವು ದಾಟಿ ಹೋದವಳು. ದೋಣಿ ಅಂದರೆ ದೋಣಿಯೇ. ಅವಳಿಗೆ ದೋಣಿಯಲ್ಲಿ ಕೂರಬೇಕು. ನೀರಿನ ಊರಲ್ಲಿ ಹುಟ್ಟಿದವರಿಗೆ ಇದಕ್ಕಿಂತ ಬೇರೆ ಅರ್ಥ ಹೊಳೆಯುವುದುಂಟೆ?

ಆಟೋ, ವೀಲ್‌ಚೇರು, ಕೊಡೆ, ನಾಲ್ಕು ಜನ. ಕೋಡಿ ಹತ್ತಿರ ಹಿನ್ನೀರಿಗೆ ಹೋದೆವು. ಎತ್ತಿ ದೋಣಿಯಲ್ಲಿ ಕೂರಿಸಿದೆವು. ನಾನು ರಾಜಮರ್ಯಾದೆಯಿಂದ ಕೊಡೆ ಹಿಡಿದೆ. ಅವಳು ನೀರು ನೋಡಲಿಲ್ಲ. ಸೆರಗಿನಿಂದ ಆ ಕೊಂಬಿನ ವಸ್ತು ತೆಗೆದು ನನ್ನ ಮುಖಕ್ಕೆ ಹಿಡಿದಳು. "ದೋಣಿ." ನಾನು ಹಲಗೆ ತಟ್ಟಿ, ಹೌದು ಮಾರಾಯ್ತಿ, ಇದೇ ದೋಣಿ, ಅಂದೆ.

ಅಳಲಿಲ್ಲ. ಕಣ್ಣು ಮುಚ್ಚಿದಳು, ಅಷ್ಟೆ. ಮನೆಗೆ ಬಂದು ಗೋಡೆ ಕಡೆ ತಿರುಗಿ ಮಲಗಿದಳು.

ನವೆಂಬರ್ ೧೩, ಬುಧವಾರ

ಬರೆಯಲು ಆಗಿರಲಿಲ್ಲ.

ತಿನ್ನುತ್ತಿಲ್ಲ. ನೀರು, ಎಳನೀರು ಒಂದೆರಡು ಗುಟುಕು, ಅದೂ ಬೇಡಿಕೊಂಡರೆ. ಗಂಜಿಗೆ ಬಾಯಿ ಬಿಗಿ. ಗೋಡೆ, ಗೋಡೆ, ಗೋಡೆ.

ಡಾಕ್ಟರು ಬಂದಿದ್ದರು. ನುಂಗುವುದಕ್ಕೆ ತೊಂದರೆ ಇಲ್ಲವಂತೆ. ಮನಸ್ಸಿಲ್ಲ. ಶನಿವಾರದೊಳಗೆ ತಿನ್ನದಿದ್ದರೆ ಅಡ್ಮಿಟ್ ಮಾಡಿ, ಮೂಗಿನಿಂದ ನಳಿಗೆ. ಕೈಯಿಂದ ಕಿತ್ತು ಹಾಕಿದರೆ ಅಂತ ಕೇಳಿದೆ. ಕೈ ಕಟ್ಟಬೇಕಾಗುತ್ತದೆ ಅಂದರು. ಅವಳಿಗೆ ಉಳಿದಿರುವುದು ಒಂದೇ ಕೈ.

ಮೊನ್ನೆ ಬೇರೆ ದಾರಿ ಕಾಣದೆ ಆ ವಸ್ತುವಿನ ಫೋಟೋ ವಾರಪತ್ರಿಕೆಗೆ ಕಳಿಸಿದ್ದೆ. ಈ ವಾರ ಅಂಕಣದ ಬದಲು ಒಂದೇ ಸಾಲು: ನನ್ನ ಹೆಂಡತಿ ಇದನ್ನು ದೋಣಿ ಅನ್ನುತ್ತಾಳೆ, ಇದು ಏನೆಂದು ಯಾರಾದರೂ ಹೇಳಿ, ಬೇಗ ಹೇಳಿ. ಸಂಪಾದಕರು ಫೋನ್ ಮಾಡಿ, ಸೂಪರ್ ಸರ್, ಆಫೀಸಿನವರೆಲ್ಲ ನಕ್ಕೂ ನಕ್ಕೂ ಸಾಕಾಯ್ತು, ಅಂದರು.

ನವೆಂಬರ್ ೧೪. ಸಂಜೆ

ಪತ್ರಿಕೆ ಬಂತು. ವಾಟ್ಸಾಪ್ ತುಂಬ ಉತ್ತರ. ಮೀಸೆ ಬಾಚಣಿಗೆ. ಸೊಳ್ಳೆಯ ಶವಪೆಟ್ಟಿಗೆ. ಗಂಡನ ಬಾಯಿಗೆ ಹಾಕುವ ಕ್ಲಿಪ್ಪು. ಟೋಲ್ ಗೇಟಿನ ಊರು ಸಾಸ್ತಾನದ ಒಬ್ಬರು — ಟೋಲ್ ತಪ್ಪಿಸಿ ಹೋಗುವ ದೋಣಿ. ಎಲ್ಲದಕ್ಕೂ ಕಣ್ಣೀರು ಸುರಿಸಿ ನಗುವ ಹಳದಿ ಮುಖಗಳು.

ಚೆನ್ನಾಗಿಯೇ ಬರೆದಿದ್ದಾರೆ. ಬೇರೆ ದಿನವಾದರೆ ಕದಿಯುತ್ತಿದ್ದೆ. ಇದು ತಮಾಷೆಯಲ್ಲ, ಅವಳು ಊಟ ಬಿಟ್ಟಿದ್ದಾಳೆ, ಅಂತ ಒಬ್ಬರಿಗೆ ಬರೆದೆ. ಅದಕ್ಕೂ ಹಳದಿ ಮುಖ ಬಂತು.

ನವೆಂಬರ್ ೧೫, ಶುಕ್ರವಾರ

ಪತ್ರಿಕೆ ನೋಡಿ ಕೊಕ್ಕರ್ಣೆಯಿಂದ ಫೋನ್. ಜಲಜ ಅಂತ. ಚಂದ್ರಮತಿಯ ಸಣ್ಣಂದಿನ ಗೆಳತಿ, ಮದುವೆಯಲ್ಲಿ ಕಂಡದ್ದೇ ಕಡೆ. ನಗಲಿಲ್ಲ.

"ಹ್ವಾಯ್, ಅದ್ ದೋಣಿಯೇ ಅಲ್ದಾ?"

ದೋಣಿ ಹತ್ತಿಸಿಯೂ ಆಯಿತು ಅಂದೆ. ದನಿ ಸರಿಯಿರಲಿಲ್ಲ ನನ್ನದು.

"ಅಯ್ಯೋ, ಆ ದೋಣಿ ಅಲ್ಲ ಮಾರಾಯ್ರೆ. ಲೇಸ್ ಹಾಕು ದೋಣಿ. ಹೊಲಿಗಿ ಕ್ಲಾಸಂಗೆ ಕಾನ್ವೆಂಟ್ ಸಿಸ್ಟರ್ ಅದ್ಕೆ ಶಟಲ್ ಅಂತಿದ್ರ್. ನಮ್ಗ್ ಶಟಲ್ ಅಂದ್ರೆ ಬ್ಯಾಟಂಗೆ ಹೊಡೂದ್. ಅದ್ಕೆ ದೋಣಿ ಅಂತ ಹೆಸ್ರ್ ಇಟ್ಟದ್ದೇ ನಿಮ್ಮ್ ಚಂದ್ರಮತಿ."

ನಡುವಿನ ಗೂಟಕ್ಕೆ ದಾರ ಸುತ್ತುವುದು. ಬೆರಳಿಗೆ ಹಾಕಿಕೊಂಡ ದಾರದ ಉಂಗುರದ ಅಡಿಯಿಂದ, ಮೇಲಿಂದ, ಅದನ್ನು ದಾಟಿಸುವುದು. ಗಂಟಿನ ಪಕ್ಕ ಗಂಟು. ಲೇಸು.

ಸುಣ್ಣ ಕೊಟ್ಟೆ. ಬಲೆ ಕೊಟ್ಟೆ. ಹಿನ್ನೀರನ್ನೇ ಕೊಟ್ಟೆ. ದಾರ ಕೊಡಲಿಲ್ಲ.

ಜಲಜ ನಾಳೆ ಬರುತ್ತಾರೆ. ನಾಳೆ ಶನಿವಾರ. ಆಟೋಗೂ ಹೇಳಿಟ್ಟಿದ್ದೇನೆ, ಮೂರೂವರೆಗೆ.

ನವೆಂಬರ್ ೧೬, ಶನಿವಾರ. ಮಧ್ಯಾಹ್ನ ೩

ಜಲಜ ಚಂದ್ರಮತಿಯನ್ನು ಮಾತಾಡಿಸಲೇ ಇಲ್ಲ. ಮಂಚದ ಪಕ್ಕ ಕೂತು ಆ ದೋಣಿಗೆ ದಾರ ಸುತ್ತತೊಡಗಿದರು. ಎಸಳ ತುದಿ ದಾಟುವಾಗ ದಾರ ಟಕ್ ಅನ್ನುತ್ತದೆ. ಟಕ್. ಟಕ್. ಗೋಡೆ ಕಡೆಗಿದ್ದ ತಲೆ ತಿರುಗಿತು.

ಒರಗಿಸಿ ಕೂರಿಸಿದೆವು. ಬಲಗೈಗೆ ಕೊಟ್ಟರು. ಜಾರಿತು. ಮತ್ತೆ ಕೊಟ್ಟರು. ಜಾರಿ ಮಂಚದಡಿಗೆ ಹೋಯಿತು. ಅವಳು ತನ್ನ ಬಲಗೈಯನ್ನು ನೋಡಿದಳು. ಅಷ್ಟು ಹೊತ್ತು ನೋಡಿದ್ದು ಇದೇ ಮೊದಲು. ನನಗೆ ಎದ್ದು ಹೊರಗೆ ಹೋಗೋಣ ಅನಿಸಿತು.

ಆಗ ಎಡಗೈ ನನ್ನ ಎಡಗೈಯನ್ನು ಎಳೆಯಿತು. ಬೆರಳು ಅಗಲಿಸಿತು. ಜಲಜ ನನ್ನ ಬೆರಳಿಗೆ ದಾರದ ಉಂಗುರ ತೊಡಿಸಿದರು. ಅವಳು ಎಡಗೈಯಲ್ಲಿ ದೋಣಿ ಹಿಡಿದು ಅಡಿಯಿಂದ ದಾಟಿಸಿದಳು. ಓರೆಕೋರೆ. ನಾನು ಹೆದರಿ ದಾರವನ್ನು ಹಗ್ಗಜಗ್ಗಾಟದವರ ಹಾಗೆ ಬಿಗಿ ಹಿಡಿದಿದ್ದೆ. ಗಂಟು ಸಿಕ್ಕಿಕೊಂಡಿತು. ಮಣಿಕಟ್ಟಿಗೆ ಪಟ್ಟನೆ ಒಂದು ಏಟು.

"ಬಾಲ್ದಿ," ಎಂದಳು. "ಸಡ್ಲ."

"ಹೌದ್ ಮಾರಾಯ್ರೆ," ಅಂದರು ಜಲಜ, "ನೀವ್ ಸಡ್ಲ ಬಿಟ್ರೆ ಮಾತ್ರ ಗಂಟ್ ಕೂರೂದ್."

ಸಡಿಲ ಬಿಟ್ಟೆ. ಕೂತಿತು.

ಜಲಜ ಸದ್ದಿಲ್ಲದೆ ಗಂಜಿಯ ಚಮಚ ಮುಂದೆ ಹಿಡಿದರು. ದಾರದ ಮೇಲಿಂದ ಕಣ್ಣು ತೆಗೆಯದೆ ಬಾಯಿ ತೆರೆದಳು. ಮತ್ತೆ ದಾಟಿಸಿದಳು. ಮತ್ತೆ ತೆರೆದಳು. ಎಣಿಸಲಿಲ್ಲ, ದೃಷ್ಟಿ ತಾಗೀತು. ಬಟ್ಟಲು ಖಾಲಿ. ಜಲಜ ಇನ್ನಷ್ಟು ಬಿಸಿ ಮಾಡಲು ಒಳಗೆ ಹೋಗಿದ್ದಾರೆ, ಒಲೆಯ ಸದ್ದಿಗೆ ಕರೆದರೂ ಕೇಳಿಸದು. ಇವಳು ಒಂದು ಗಂಟಿಗೆ ಬಹಳ ಹೊತ್ತು ತೆಗೆದುಕೊಳ್ಳುತ್ತಾಳೆ. ನನ್ನ ಎಡಗೈ ಅವಳದ್ದು, ಬಲಗೈಯಲ್ಲಿ ಇದನ್ನು ಗೀಚುತ್ತಿದ್ದೇನೆ.

ಗೇಟಿನಲ್ಲಿ ಹಾರ್ನ್. ಆಟೋ ಬಂತು, ಆಸ್ಪತ್ರೆಗೆ.

ಈ ಪುಟ ಯಾರ ಕಣ್ಣಿಗೂ ಬೀಳಬಾರದು ಅಂತಲೇ ಬರೆಯುವವನು ನಾನು. ಆದರೂ ಅಕಸ್ಮಾತ್ ಈಗ ಯಾರಾದರೂ ಓದುತ್ತಿದ್ದರೆ — ದಯವಿಟ್ಟು ಗೇಟಿನ ತನಕ ಹೋಗಿ ಆಟೋದವನಿಗೆ ಒಂದು ಮಾತು ಹೇಳಿ, ಇವತ್ತು ಬೇಡ ಅಂತ. ನಾನು ಏಳುವ ಹಾಗಿಲ್ಲ. ಎದ್ದರೆ ದಾರ