ಅಜ್ಜಿ ಮನೆಗೆ ಹೋದ ಹುಡುಗರು

ಮನೆಯಿಂದ,
ಗುರುವಾರ ಬೆಳಿಗ್ಗೆ

ಪ್ರೀತಿಯ ಮಗಳೇ,

ಹೇಗಿದ್ದೀಯ? ಹೋದ ಸಲ ಕತ್ತು ನೋವು ಅಂತ ಬರೆದಿದ್ದೆ. ದಿನವಿಡೀ ಆ ಲ್ಯಾಬಿನಲ್ಲಿ ಬಗ್ಗಿ ಕೂತು ಊರವರ ರಕ್ತವನ್ನೆಲ್ಲ ಗಾಜಿನಲ್ಲಿ ನೋಡುತ್ತಿದ್ದರೆ ಕತ್ತು ನೋಯದೆ ಇನ್ನೇನಾಗುತ್ತದೆ. ರಾತ್ರಿ ದಿಂಬು ತೆಗೆದು ಮಲಗು. ಬ್ರೆಡ್ಡು ತಿಂದು ಊಟ ಆಯಿತು ಅಂತ ನನಗೆ ಬರೆಯಬೇಡ, ನೀನು ಸುಳ್ಳು ಬರೆದರೆ ಅಕ್ಷರ ದುಂಡಗಾಗುತ್ತದೆ, ನನಗೆ ಗೊತ್ತು. ನಾನು ದೇವರ ದಯದಿಂದ ಚೆನ್ನಾಗಿದ್ದೇನೆ. ಮಂಡಿ ಮಾತ್ರ ಹಠ ಮಾಡುತ್ತದೆ. ದೇವರ ಮುಂದೆ ಕೂತರೆ ಏಳಲು ಬಿಡುವುದಿಲ್ಲ. ಇವಳು ಬಲು ಅವಸರದವಳು, ಇನ್ನಷ್ಟು ಹೊತ್ತು ಕೂತಿರಲಿ ಅಂತ ಅವನೇ ಹಿಡಿದಿಟ್ಟುಕೊಂಡಿರಬೇಕು. ಮೇಲ್ಮನೆ ಅಕ್ಕ ನಿನ್ನನ್ನು ದಿನಾ ಕೇಳುತ್ತಾಳೆ. ನಿನ್ನ ಕೋಣೆಯ ಕಿಟಕಿ ಮಳೆಗೆ ಊದಿಕೊಂಡು ಮುಚ್ಚುತ್ತಿರಲಿಲ್ಲ, ಬಡಗಿಯನ್ನು ಕರೆಸಿ ಸರಿಮಾಡಿಸಿದೆ.

ನಿಮ್ಮಪ್ಪನ ವಿಷಯ ಬರೆಯಬೇಡ ಅಂತ ನೀನು ಹೇಳಿದ್ದೀಯ. ಅವರಿಗೆ ಲಕ್ವ ಹೊಡೆದಾಗ ನಾನು ಒಂದು ಸಾಲು ಬರೆದಿದ್ದೆ. ನೀನು ಅದರ ಮಾತೇ ಎತ್ತದೆ ನನ್ನ ಮಂಡಿಗೆ ಹಚ್ಚುವ ಎಣ್ಣೆಯ ಹೆಸರು ಬರೆದು ಕಳಿಸಿದೆ. ಆಮೇಲೆ ನಾನೂ ಸುಮ್ಮನಾದೆ. ಫೋನಿನಲ್ಲಿ ಹೇಳೋಣವೆಂದರೆ ಅಪ್ಪ ಅನ್ನುವಷ್ಟರಲ್ಲಿ ಇಟ್ಟುಬಿಡುತ್ತೀಯ. ಅದಕ್ಕೇ ಈ ಕಾಗದ. ಸಿಟ್ಟು ಬಂದರೆ ಬರಲಿ, ಪೂರ್ತಿ ಓದಿ ಆಮೇಲೆ ಹರಿ.

ಬಟಾಣಿ ಹೋದ ಮೇಲಿನ ದಿನಗಳು ನಿನಗೆ ನೆನಪಿವೆಯಲ್ಲ. ಆ ಹೆಸರಿಟ್ಟವಳು ನೀನೇ. ತಮ್ಮ ಹುಟ್ಟಿದಾಗ ಇಣುಕಿ ನೋಡಿ, "ಇಷ್ಟೇನಾ? ಬಟಾಣಿ ಥರ ಇದಾನೆ" ಅಂದಿದ್ದೆ. ಆರು ವರ್ಷದ ಮಗು, ಜ್ವರ ಬಂತು, ಆಸ್ಪತ್ರೆಯ ಕಬ್ಬಿಣದ ಮಂಚದ ಮೇಲೆ ಹೋಗಿಬಿಟ್ಟ. ನೀನು ಸ್ಕೂಲಿನಿಂದ ಬರುವಾಗ ನಾನು ಬೆಳಿಗ್ಗೆ ಕೂತಿದ್ದ ಜಾಗದಲ್ಲೇ ಕೂತಿರುತ್ತಿದ್ದೆ, ತಲೆ ಕೂಡ ಬಾಚಿರುತ್ತಿರಲಿಲ್ಲ. ಮೇಲ್ಮನೆ ಅಕ್ಕ ನಿಮ್ಮಪ್ಪನಿಗೆ ಹೇಳಿದಳು, "ಅವಳನ್ನ ಎಲ್ಲಾದ್ರೂ ಹೊರಗೆ ಕರ್ಕೊಂಡು ಹೋಗಪ್ಪಾ, ಹೀಗೇ ಕೂತಿದ್ರೆ ಅವಳೂ ಹೋಗ್ತಾಳೆ ಅಷ್ಟೆ." ನಿಮ್ಮಪ್ಪ ಎಲ್ಲಿಗೆ ಕರೆದುಕೊಂಡು ಹೋಗಬೇಕೆಂದು ತಿಳಿಯದೆ ರಸ್ತೆ ಕೊನೆಯ ಟಾಕೀಸಿಗೆ ಕರೆದುಕೊಂಡು ಹೋದರು. ಸಿನಿಮಾದಲ್ಲಿ ಒಬ್ಬ ದಪ್ಪನೆಯವನು ಕುರ್ಚಿ ಸಮೇತ ಬಿದ್ದ. ನಾನು ನಕ್ಕೆ. ಬಟಾಣಿ ಹೋದ ಮೇಲೆ ಮೊದಲ ಸಲ ನಕ್ಕಿದ್ದು. ತಿರುಗಿ ನೋಡಿದರೆ ನಿಮ್ಮಪ್ಪ ಪರದೆ ನೋಡುತ್ತಲೇ ಇರಲಿಲ್ಲ, ನನ್ನ ಬಾಯಿ ನೋಡುತ್ತಿದ್ದರು. ಆಮೇಲೆ ಪರದೆಯ ಮೇಲೆ ಆಸ್ಪತ್ರೆ ಬಂತು, ಮಂಚದ ಮೇಲಿನ ಮಗು ಅಮ್ಮಾ ಅಂತ ಕರೆಯಿತು. ನಾನು ಎದ್ದು ಹೊರಗೆ ನಡೆದೆ. ರಸ್ತೆಗಿಳಿದದ್ದು ನೆನಪಿಲ್ಲ. ಬಸ್ಸು ಮೈಗೆ ತಾಗುವಷ್ಟು ಹತ್ತಿರ ಬಂದು ನಿಂತಾಗ ನಿಮ್ಮಪ್ಪ ನನ್ನ ತೋಳು ಹಿಡಿದು ಎಳೆದಿದ್ದರು, ಡ್ರೈವರ್ ತಲೆ ಹೊರಗೆ ಹಾಕಿ ನಮ್ಮ ವಂಶವನ್ನೆಲ್ಲ ಬೈಯುತ್ತಿದ್ದ. ತಲೆ ಸುತ್ತಿತು ಅಂದೆ. ಅವರು ಹೂಂ ಅಂದರು. ಮನೆಯಲ್ಲೂ ಎಲ್ಲರಿಗೂ ಅದನ್ನೇ ಹೇಳಿದೆವು.

ಅದಾದ ಮೇಲೆ ಅವರು ಒಬ್ಬರೇ ಸಿನಿಮಾಕ್ಕೆ ಹೋಗತೊಡಗಿದರು. ಪೇಂಟರ್ ಕೆಲಸ, ಬೆಳಿಗ್ಗೆ ಮೊದಲ ಕೋಟ್ ಹೊಡೆದರೆ ಅದು ಒಣಗುವವರೆಗೆ ಕೈಗೆ ಕೆಲಸವಿಲ್ಲ. ಬೇರೆ ಪೇಂಟರುಗಳು ಆ ಹೊತ್ತಿನಲ್ಲಿ ಬೀಡಿ ಸೇದಿ ಮಲಗುತ್ತಿದ್ದರು, ಇವರು ಮ್ಯಾಟಿನಿಗೆ ಹೋಗುತ್ತಿದ್ದರು. ಊರು ಸುಮ್ಮನಿರುತ್ತದೆಯೇ? "ಮಗನ ಮಣ್ಣು ಇನ್ನೂ ಒಣಗಿಲ್ಲ, ಮಹಾರಾಯ ಟಾಕೀಸಲ್ಲಿ ಕೂತಿದಾನೆ" ಅಂದರು. ಆ ಮಾತು ನಿನ್ನ ಸ್ಕೂಲಿಗೂ ಬಂತು. ನೀನು ಅಂದಿನಿಂದ ಅವರ ತಟ್ಟೆಯ ಪಕ್ಕ ಕೂರಲಿಲ್ಲ, ಸಿನಿಮಾ ಅಂದರೆ ಸಿಡುಕುತ್ತಿದ್ದೆ. ಮನೆ ಬಿಟ್ಟು ಹೊರಟ ದಿನ ಅಂಗಳದಲ್ಲಿ ನಿಂತು ಅವರಿಗೆ ಹೇಳಿದ ಮಾತು ನನಗೆ ಇವತ್ತಿಗೂ ಕೇಳಿಸುತ್ತದೆ. "ಬಟಾಣಿ ಹೋಗಿದ್ದು ನಿಮಗೆ ಒಂದು ಇಂಟರ್‌ವಲ್ ಅಷ್ಟೆ." ಅವರು ಬ್ರಶ್ ತೊಳೆಯುತ್ತಿದ್ದರು. ಆ ಬ್ರಶ್ಶನ್ನು ಅವತ್ತು ಕತ್ತಲಾಗುವವರೆಗೂ ತೊಳೆದರು.

ನಾನಾದರೂ ಅವರಿಗೆ ಸಿನಿಮಾ ಹುಚ್ಚು ಅಂತಲೇ ತಿಳಿದಿದ್ದೆ. ಒಂದನ್ನು ಒಬ್ಬರೇ ನೋಡಿ ಬಂದು, ವಾರದೊಳಗೆ ಅದಕ್ಕೇ ನನ್ನನ್ನೂ ಕರೆದುಕೊಂಡು ಹೋಗುವರು. ನೋಡಿದ್ದನ್ನೇ ಯಾಕೆ ನೋಡುತ್ತೀರಿ ಅಂತ ಕೇಳಿದರೆ, "ಲೇ, ಮೊದಲನೇ ಸಲ ಕಥೆ ನಮ್ಮನ್ನ ಕತ್ತು ಹಿಡ್ಕೊಂಡು ಎಳ್ಕೊಂಡು ಹೋಗುತ್ತೆ. ಎರಡನೇ ಸಲ ನಾವೇ ನಿಂತು ನೋಡಬಹುದು. ಕಳ್ಳ ಯಾರು ಅಂತ ಗೊತ್ತಿದ್ರೆ, ಅವನು ಶುರುವಿನಲ್ಲೇ ಬೀಗದ ಕಡೆ ಹ್ಯಾಗೆ ನೋಡ್ತಾನೆ ಅಂತ ಕಾಣುತ್ತೆ. ಎರಡನೇ ಕೋಟ್ ಬಿದ್ದ ಮೇಲೇ ಗೋಡೆ ಬಣ್ಣ ಗೊತ್ತಾಗೋದು" ಅನ್ನುವರು. ಸಿನಿಮಾದ ಅರಮನೆ ಬಂದರೆ ರಾಜನನ್ನು ಬಿಟ್ಟು ಗೋಡೆ ನೋಡುವರು. "ದುಡ್ಡು ಉಳಿಸಿದಾರೆ ನೋಡು, ಒಂದೇ ಕೋಟ್" ಅಂತ ಪಿಸುಗುಡುವರು. ಮುಂದಿನ ಸಾಲಿನವರು ತಿರುಗಿ ನೋಡುವರು.

ನಾನು ಯಾವಾಗಲೂ ಅವರ ಬಲಕ್ಕೆ ಕೂರುತ್ತಿದ್ದೆ. ನಡುನಡುವೆ ಅವರ ಬಲ ಮೊಣಕೈ ಮೆಲ್ಲಗೆ ನನ್ನ ತೋಳಿಗೆ ತಾಗುವುದು. ತಾಗಿದರೆ ನಾನು ತಲೆ ತಗ್ಗಿಸಿ, ಕಣ್ಣು ಮುಚ್ಚಿ, ಬೆರಳೆಣಿಸುತ್ತಾ ದೇವರ ಹೆಸರು ಹೇಳಬೇಕು. ಇನ್ನೊಂದು ಸಲ ತಾಗಿದರೆ ಕಣ್ಣು ತೆರೆಯಬಹುದು. "ನಿನ್ನಂಥೋಳು ನೋಡೋ ಸೀನಲ್ಲ ಅದು" ಅಂತ ಮೊದಲ ದಿನವೇ ಹೇಳಿದ್ದರು. ನಾನು ಪ್ರಾರ್ಥನೆಗೆ ಬರುವ ಹೆಂಗಸರ ಮುಂದೆ ಜಂಬದಿಂದ, ನಮ್ಮವರು ನನ್ನ ಕಣ್ಣಿಗೆ ಕೆಟ್ಟದ್ದು ಬೀಳಗೊಡುವುದಿಲ್ಲ ಅಂದಿದ್ದೆ. ಮೇಲ್ಮನೆ ಅಕ್ಕ ಬಿದ್ದು ಬಿದ್ದು ನಕ್ಕಳು. "ನಿನ್ನ ಕಣ್ಣು ಮುಚ್ಚಿಸಿ ತಾನು ನೋಡ್ತಾನಲ್ಲೇ, ಅದೂ ಎರಡೆರಡು ಸಲ." ನನ್ನ ಬಟ್ಟೆಯ ಎಡತೋಳಿನ ಮೇಲೆ ಸುಣ್ಣದ ಕಲೆ, ಹಸಿರು ಬಣ್ಣದ ಕಲೆ ಇರುತ್ತಿತ್ತಲ್ಲ, ತೊಳೆದರೂ ಹೋಗುವುದಿಲ್ಲ ಅಂತ ನೀನು ಗೊಣಗುತ್ತಿದ್ದೆ. ಅದು ಆ ಮೊಣಕೈಯದು.

ನನಗೆ ಅರ್ಥವಾಗದ ಸಂಗತಿಗಳೂ ಇದ್ದವು. ತುಂಡು ಬಟ್ಟೆ ಹಾಕಿಕೊಂಡು ಕುಣಿಯುವ ಹಾಡು ಬಂದರೆ ಮೊಣಕೈ ತಾಗುತ್ತಲೇ ಇರಲಿಲ್ಲ. ಮರೆತರೇನೋ ಅಂತ ನಾನೇ ತಲೆ ತಗ್ಗಿಸಿದರೆ, "ನೋಡು ಪರವಾಗಿಲ್ಲ, ಪಾಪ, ಹೊಟ್ಟೆಪಾಡಿಗೆ ಕುಣೀತಾರೆ" ಅನ್ನುವರು. ನಾನು ಕಣ್ಣು ಮುಚ್ಚಿಕೊಂಡಿದ್ದಾಗ ಸುತ್ತ ಕೂತವರು ಮೂಗು ಸೇದುವುದು, ಬಿಕ್ಕುವುದು ಕೇಳಿಸುತ್ತಿತ್ತು. ಕೆಟ್ಟ ಸೀನಿಗೆ ಜನ ನಾಚಿಕೆಪಟ್ಟು ಅಳುತ್ತಾರಲ್ಲ, ಪರವಾಗಿಲ್ಲ, ಲೋಕ ಇನ್ನೂ ಪೂರ್ತಿ ಹಾಳಾಗಿಲ್ಲ ಅಂದುಕೊಂಡಿದ್ದೆ. ನಗಬೇಡ. ಕೆಲವು ಸಿನಿಮಾಗಳಿಗೆ ಒಬ್ಬರೇ ಹೋಗಿ ಬಂದು, ಚೆನ್ನಾಗಿಲ್ಲ, ನಿನಗೆ ಬೇಡ ಅಂದು, ಊಟವನ್ನೂ ಮಾಡದೆ ಗೋಡೆ ಕಡೆ ತಿರುಗಿ ಮಲಗುವರು. ಇಷ್ಟು ಕೆಟ್ಟದಾಗಿ ಯಾರಪ್ಪಾ ಸಿನಿಮಾ ತೆಗೆಯುತ್ತಾರೆ ಅನಿಸುತ್ತಿತ್ತು.

ಇನ್ನೊಂದು. ಸಿನಿಮಾ ಕಥೆ ಬರೆಯುವವರಿಗೆ ಬುದ್ಧಿ ಕಡಿಮೆ ಅಂತ ನಾನು ನಿನ್ನ ಜಡೆ ಹೆಣೆಯುತ್ತಾ ಹೇಳುತ್ತಿದ್ದೆ. ಮಕ್ಕಳನ್ನು ಕಥೆಯೊಳಗೆ ತಂದು ಅರ್ಧದಲ್ಲಿ ಮರೆತುಬಿಡುತ್ತಾರೆ. ಆ ಗುಮಾಸ್ತನ ಕಥೆ ಹೇಳಿದ್ದೆನಲ್ಲ? ದಿನಾ ಸಂಜೆ ಅವನು ಬಂದರೆ ಮಗ ಓಡಿಬಂದು ಅಪ್ಪನ ಚೀಲ ತಡಕುತ್ತಾನೆ. ಇಂಟರ್‌ವಲ್ ಆದಮೇಲೆ ಹುಡುಗನ ಸುದ್ದಿಯೇ ಇಲ್ಲ. ಗುಮಾಸ್ತ ಮಾತ್ರ ಚೀಲ ಹಿಡಿದು ಬಾಗಿಲಲ್ಲೇ ನಿಲ್ಲುತ್ತಾನೆ. ಇವನಿಗೇನು ಒಳಗೆ ಹೋಗಲು ಬರುವುದಿಲ್ಲವೇ ಅಂತ ನಾನು ನಕ್ಕಿದ್ದೆ. ಹುಡುಗ ಎಲ್ಲಿ ಅಂತ ಕೇಳಿದ್ದಕ್ಕೆ ನಿಮ್ಮಪ್ಪ, "ಅಜ್ಜಿ ಮನೆಗೆ ಹೋದ್ನಲ್ಲ, ಅಲ್ಲೇ ಸ್ಕೂಲಿಗೆ ಸೇರಿಸಿದ್ರು. ನೀನು ಕಣ್ಣು ಮುಚ್ಚಿದ್ದಾಗ ಹೇಳಿದ್ರು" ಅಂದರು. ಎಷ್ಟೊಂದು ಸಿನಿಮಾಗಳಲ್ಲಿ ಎಷ್ಟೊಂದು ಹುಡುಗರು ಹಾಗೆ ಅಜ್ಜಿ ಮನೆಗೆ ಹೋದರು. ನಾನು ಎಲ್ಲವನ್ನೂ ನಂಬಿದೆ.

ಹೋದ ಭಾನುವಾರ ಮಧ್ಯಾಹ್ನ ಆ ಗುಮಾಸ್ತನ ಸಿನಿಮಾ ಟೀವಿಯಲ್ಲಿ ಬಂತು. ಅವರಿಗೆ ಈಗ ಮಾತಿಲ್ಲ, ಬಲಗಡೆಯ ಕೈಕಾಲು ಆಡುವುದಿಲ್ಲ. ನೋಡಿದ್ದನ್ನು ಮತ್ತೆ ನೋಡಿದರೆ ಅವರಿಗೆ ಖುಷಿ ಅಂತ ದಿಂಬಿಗೆ ಒರಗಿಸಿ ಕೂರಿಸಿ, ಅಭ್ಯಾಸದಂತೆ ಬಲಕ್ಕೆ ಕೂತೆ. ಹುಡುಗ ಚೀಲ ತಡಕಿದ. ಸ್ವಲ್ಪ ಹೊತ್ತಿಗೆ ಇವರು ಗಂಟಲಲ್ಲಿ ಸದ್ದು ಮಾಡತೊಡಗಿದರು. ಎಡಗೈಯಿಂದ ಮಂಚದ ಅಂಚನ್ನು ಬಡಿದರು. ನೀರು ಬೇಕೇನೋ ಅಂತ ಲೋಟ ಹಿಡಿದರೆ ಮುಖ ತಿರುಗಿಸಿದರು. ಅವರ ಕಣ್ಣು ತಮ್ಮ ಬಲಗೈಯ ಮೇಲಿತ್ತು. ಅದು ಒದ್ದೆ ಟವಲಿನ ಹಾಗೆ ನಮ್ಮಿಬ್ಬರ ನಡುವೆ ಬಿದ್ದಿತ್ತು. ಅವರು ಅದನ್ನು ಕಣ್ಣಿನಿಂದಲೇ ಎತ್ತಲು ನೋಡುತ್ತಿದ್ದರು. ಏನಾಯಿತೆಂದು ತಿಳಿಯದೆ ನಾನು ಟೀವಿ ಕಡೆ ನೋಡಿದೆ. ಕಬ್ಬಿಣದ ಮಂಚ. ಗುಮಾಸ್ತ ಮಗನ ಮುಖದ ಮೇಲೆ ಹೊದಿಕೆ ಎಳೆದು, ಚಳಿಯಾದೀತೆಂಬಂತೆ ಪಾದದ ಹತ್ತಿರ ಅದನ್ನು ಒಳಕ್ಕೆ ಸಿಕ್ಕಿಸುತ್ತಿದ್ದ. ನಿಮ್ಮಪ್ಪನೂ ಅವತ್ತು ಹಾಗೆಯೇ ಮಾಡಿದ್ದರು.

ನಾನು ಎದ್ದು ರಸ್ತೆಗೆ ಹೋಗಲಿಲ್ಲ ಮಗಳೇ. ಕೂತೇ ಇದ್ದೆ. ಆಮೇಲೆ ಗುಮಾಸ್ತ ಚೀಲ ಹಿಡಿದು ಬಾಗಿಲಿಗೆ ಬಂದು ನಿಂತ. ಈ ಸಲ ಅವನು ಯಾಕೆ ಒಳಗೆ ಹೋಗುವುದಿಲ್ಲ ಅಂತ ನನಗೆ ಗೊತ್ತಿತ್ತು. ನಿಮ್ಮಪ್ಪ ಹೇಳುತ್ತಿದ್ದದ್ದು ಸರಿ. ಕೊನೆ ಗೊತ್ತಿದ್ದರೆ ಮೊದಲಿನದೆಲ್ಲ ಬೇರೆಯಾಗಿ ಕಾಣುತ್ತದೆ. ಅವರು ಮ್ಯಾಟಿನಿಗೆ ಹೋದದ್ದು, ಗೋಡೆ ಕಡೆ ತಿರುಗಿ ಮಲಗಿದ್ದು, ನೀನು ಆ ಮಾತು ಆಡಿದಾಗ ಬಾಯಿ ಬಿಡದೆ ಬ್ರಶ್ ತೊಳೆದದ್ದು. ಬಾಯಿ ಬಿಟ್ಟಿದ್ದರೆ ನನಗೂ ಗೊತ್ತಾಗಿಬಿಡುತ್ತಿತ್ತು, ನಾನು ಬಾಗಿಲಲ್ಲೇ ನಿಂತಿದ್ದೆ. ಆ ಮಂಚವನ್ನು ನಾನು ಒಂದು ಸಲವೂ ನೋಡಬಾರದು ಅಂತ ಅವರು ಎರಡೆರಡು ಸಲ ನೋಡಿದರು. ಮೊದಲು ಒಬ್ಬರೇ, ಆಮೇಲೆ ನನ್ನ ಪಕ್ಕದಲ್ಲಿ. ಅವರಿಗೆ ಮೊಣಕೈ ತಾಗಿಸುವವರು ಯಾರೂ ಇರಲಿಲ್ಲ.

ತಿರುಗಿ ನೋಡಿದರೆ ಅವರು ನನ್ನನ್ನೇ ನೋಡುತ್ತಿದ್ದರು. ಲಕ್ವ ಹೊಡೆದ ದಿನವೂ ಆ ಕಣ್ಣಿನಲ್ಲಿ ಅಷ್ಟು ಭಯ ಇರಲಿಲ್ಲ. ನಾನು ಅವರ ಬಾಯಿ ಒರೆಸಿ, "ಹುಡುಗ ಅಜ್ಜಿ ಮನೆಗೆ ಹೋದ್ನಾ? ನಾನು ಕಣ್ಣು ಮುಚ್ಕೊಂಡಿದ್ದೆ" ಅಂದೆ. ಬಹಳ ಹೊತ್ತು ನೋಡಿದರು. ಆಮೇಲೆ ಬಾಯಿಯ ಸರಿಯಿರುವ ಅರ್ಧದಿಂದ ಹೂಂ ಅಂದರು. ದೇವರ ಹೆಸರು ಹೇಳುವ ಬಾಯಿಂದ ಸುಳ್ಳು ಹೇಳಿದ್ದೇನೆ, ಅವನು ಕೇಳಿದಾಗ ಉತ್ತರ ಕೊಡುತ್ತೇನೆ.

ಇಷ್ಟೇ. ಅವರ ಪರವಾಗಿ ವಾದ ಮಾಡಲು ಬರೆದದ್ದಲ್ಲ. ನೀನೂ ಅವತ್ತು ಮಗುವೇ, ತಮ್ಮನನ್ನು ಕಳೆದುಕೊಂಡವಳು, ನಿನ್ನ ಕಣ್ಣು ಮುಚ್ಚಿಸಲು ನಮಗೆ ಹೊಳೆಯಲಿಲ್ಲ. ದೇವರು ನಿನ್ನ ತಲೆಯ ಮೇಲೆ ಕೈಯಿಟ್ಟಿರಲಿ. ಹೊತ್ತಿಗೆ ಸರಿಯಾಗಿ ತಿನ್ನು.

ನಿನ್ನ
ಅಮ್ಮ

ತಾ.ಕ. ಮೇಲೆ ಎಲ್ಲೂ ಬರೆಯಲು ಕೈ ಬರಲಿಲ್ಲ. ನಿನ್ನೆಯಿಂದ ಅವರಿಗೆ ನೀರೂ ಇಳಿಯುತ್ತಿಲ್ಲ. ಕರೆಸಬೇಕಾದವರನ್ನು ಕರೆಸಿ ಅಂತ ಡಾಕ್ಟರು ಹೇಳಿ ಹೋದರು. ಮೇಲ್ಮನೆ ಅಕ್ಕನ ಡ್ರೈವರ್ ಅಳಿಯ ತನ್ನ ಬಸ್ಸು ತೆಗೆದುಕೊಂಡು ನಿನ್ನ ಊರಿಗೆ ಹೊರಟಿದ್ದಾನೆ, ಈ ಕಾಗದಕ್ಕಾಗಿ ಬಾಗಿಲಲ್ಲಿ ನಿಂತಿದ್ದಾನೆ. ನಾಳೆ ಬೆಳಿಗ್ಗೆ ವಾಪಸು ಹೊರಡುವಾಗ ನಿನಗೆ ತನ್ನ ಹಿಂದಿನ ಸೀಟು ಇಟ್ಟಿರುತ್ತಾನಂತೆ. ಬಂದರೆ ಏನೂ ಹೇಳಬೇಡ, ನನಗೆ ಗೊತ್ತಾಯಿತೆಂದು ಅವರಿಗೆ ತಿಳಿಯಬಾರದು. ಸುಮ್ಮನೆ ಅವರ ಎಡಕ್ಕೆ ಕೂತುಕೋ. ಆ ಮೊಣಕೈ ಇನ್ನೂ ಆಡುತ್ತದೆ.